ಮೀನು ಹುಡುಕುವ ಯಂತ್ರಕ್ಕೆ ಕಣ್ಣುಪೊರೆ ಬರಲೆಂದು ಕೋರಿ

ನಮ್ಮ ದೋಣಿಯ ಚುಕ್ಕಾಣಿ ಕೋಣೆಯಲ್ಲಿ ಇತ್ತೀಚಿನವರೆಗೂ ವಿರಾಜಮಾನರಾಗಿದ್ದ ಮೀನು ಹುಡುಕುವ ಯಂತ್ರ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಮೊದಲಿಗೆ ತಮ್ಮ ಪರದೆಗೂ, ತಂತಿಗಳಿಗೂ, ದೋಣಿಯ ತಳದಲ್ಲಿ ನೀರಿಗೆ ಕಿವಿಗೊಟ್ಟು ಕೂತಿರುವ ಆ ಪುಟ್ಟ ಗುಂಡಿಗೂ ನನ್ನ ವಿನಮ್ರ ವಂದನೆಗಳು. ಪಾದಗಳಿಗೂ ನಮಸ್ಕರಿಸಬೇಕೆಂದಿದ್ದೆ, ಎಲ್ಲಿವೆಯೆಂದು ತಿಳಿಯಲಿಲ್ಲ. ನಾನು ತಮ್ಮ ದೋಣಿಯ ಯಜಮಾನರ ಹೆಂಡತಿ, ಬಂದರಿನ ಶೆಡ್ಡಿನಲ್ಲಿ ಮೀನು ವಿಂಗಡಿಸುವವಳು. ತಾವು ನನ್ನನ್ನು ಗಮನಿಸಿರಲಾರಿರಿ, ಏಕೆಂದರೆ ತಮ್ಮ ದೃಷ್ಟಿ ಸದಾ ನೀರಿನ ಕೆಳಗೇ ಇರುತ್ತದೆ.

ತಾವು ಬಂದ ಮೇಲೆ ನಮ್ಮ ಯಜಮಾನರು ಹೇಗೆ ಬದಲಾದರೆಂಬುದನ್ನು ಹೇಳದಿದ್ದರೆ ಅಪಚಾರವಾದೀತು. ಮದುವೆಯಾದಾಗಿನಿಂದ ನನ್ನ ಎಲ್ಲ ಮಾತಿಗೂ "ಹೂಂ" ಎಂಬ ಒಂದೇ ಉತ್ತರ ಕೊಟ್ಟುಕೊಂಡು ಬಂದ ಮನುಷ್ಯ, ತಾವು ಒಮ್ಮೆ "ಟೀಂ" ಎಂದರೆ ಸಾಕು, ಊಟದ ತಟ್ಟೆ ಬಿಟ್ಟು ಏಳುತ್ತಾರೆ. ಕನ್ನಡಕ ಒರೆಸಿಕೊಳ್ಳಲೆಂದು ನಾನು ಕೊಟ್ಟ ಮೆತ್ತನೆಯ ಬಟ್ಟೆ ಈಗ ತಮ್ಮ ಮುಖಕ್ಕೆ ಮೀಸಲು, ಅವರ ಕನ್ನಡಕಕ್ಕೆ ಅಂಗಿಯ ತುದಿಯೇ ಗತಿ. ಮಳೆ ಜೋರಾದ ದಿನ ಮೈಮೇಲಿದ್ದ ರೇನ್‌ಕೋಟನ್ನು ಬಿಚ್ಚಿ ತಮಗೆ ಹೊದಿಸಿ, ತೊಯ್ದು ತೊಪ್ಪೆಯಾಗಿ ಮನೆಗೆ ಬಂದರು. ಆಮೇಲೆ ವಾರವಿಡೀ ಸೀನಿದ್ದು ಮಾತ್ರ ನನ್ನ ಪಕ್ಕದಲ್ಲಿ.

ಅಸೂಯೆಯಿಂದ ಬರೆಯುತ್ತಿದ್ದೇನೆ ಎಂದು ತಾವು ಭಾವಿಸಬಾರದು. ತಮ್ಮ ಕಣ್ಣಿನ ಬಗ್ಗೆ ನನಗೆ ಅಪಾರ ಮೆಚ್ಚುಗೆಯಿದೆ. ಕತ್ತಲ ನೀರಿನಲ್ಲಿ, ತಾಯಿ ಮೀನಿಗೂ ಪತ್ತೆಯಾಗದಂತೆ ಅಡಗಿ ಕೂತ ಮರಿಗಳ ಹಿಂಡನ್ನು ತಾವು ಥಟ್ಟನೆ ಗುರುತಿಸಿ, ಪರದೆಯ ಮೇಲೆ ಕೆಂಪಗೆ ಬಳಿದು ತೋರಿಸುತ್ತೀರಿ. ತಮ್ಮ ಸಮದರ್ಶಿತ್ವಕ್ಕೆ ಎಷ್ಟು ಕೈಮುಗಿದರೂ ಕಡಿಮೆಯೇ: ಮೊಟ್ಟೆಯೊಡೆದು ಹೊರಬಂದ ಪುಡಿ ಮೀನಾಗಲಿ, ಬಾಳಿ ಬದುಕಿದ ಅಜ್ಜಿ ಮೀನಾಗಲಿ, ತಮ್ಮ ಪರದೆಯಲ್ಲಿ ಎಲ್ಲರೂ ಒಂದೇ ಕೆಂಪು.

ಆ ಕೆಂಪು ದಡಕ್ಕೆ ಬಂದ ಮೇಲೆ ಏನಾಗುತ್ತದೆಂದು ತಮಗೆ ಯಾರೂ ಹೇಳಿರಲಿಕ್ಕಿಲ್ಲ. ನಮ್ಮ ಮೇಜಿನ ಮುಂದೆ ಮೂರು ಬುಟ್ಟಿಗಳಿವೆ: ದೊಡ್ಡದಕ್ಕೆ, ಮಧ್ಯಮಕ್ಕೆ, ಸಣ್ಣದಕ್ಕೆ. ದೊಡ್ಡ ಮೀನಿನ ಬುಟ್ಟಿಯನ್ನು ನಾವು ಮಗುಚಿ ಹಾಕಿಕೊಂಡು ಕೂರಲು ಶುರುಮಾಡಿ ಬಹಳ ಕಾಲವಾಯಿತು, ಸೊಂಟಕ್ಕೆ ಬಲು ಹಿತವಾಗಿದೆ, ಅದಕ್ಕೂ ತಮಗೆ ಕೃತಜ್ಞತೆಗಳು. ಮಧ್ಯಮದ ಬುಟ್ಟಿಯಲ್ಲಿ ನಮ್ಮ ಊಟದ ಡಬ್ಬಿಗಳಿರುತ್ತವೆ. ಬೆರಳುದ್ದದ ಮರಿಗಳೆಲ್ಲ ಕೋಳಿ ಮೇವಿನ ಕಾರ್ಖಾನೆಯ ಲಾರಿಗೆ ಸುರಿಯಲ್ಪಟ್ಟು ಹಿಟ್ಟಾಗುತ್ತವೆ. ಒಮ್ಮೆಯಾದರೂ ಮೊಟ್ಟೆಯಿಟ್ಟು ಆಮೇಲೆ ಬಲೆಗೆ ಬಿದ್ದಿದ್ದರೆ ಅದೇ ಮರಿ ಒಂದು ಸಂಸಾರದ ಊಟವಾಗುತ್ತಿತ್ತು, ಸಮುದ್ರಕ್ಕೂ ತನ್ನ ಪಾಲು ಸಿಗುತ್ತಿತ್ತು. ಮೊನ್ನೆ ಲಾರಿಯವನು ಹಲ್ಲು ಕಿರಿಯುತ್ತ, "ಎಲ್ಲಾ ಒಂದೇ ಸೈಜು ಅಂದ್ಮೇಲೆ ವಿಂಗಡಿಸೋದೇನಕ್ಕಾ? ದೋಣಿಯಿಂದ ನೇರ ಲಾರಿಗೇ ಹಾಕ್ಸೋಣ" ಎಂದ. ನನ್ನ ಅತ್ತೆ ಕೂತು ಕೆಲಸ ಮಾಡಿದ ಜಾಗ ಆ ಮೇಜು, ನನಗೆ ಬೇರೆ ಕೆಲಸ ಬಾರದು.

ಆದ್ದರಿಂದ ಶೆಡ್ಡಿನ ಹೆಂಗಸರೆಲ್ಲ ಸೇರಿ ದೋಣಿಗಳ ಯಜಮಾನರನ್ನು ಕೂರಿಸಿ, ಮರಿಗಳು ಬೆಳೆಯುವವರೆಗೆ ಅವುಗಳ ತಂಟೆಗೆ ಹೋಗಬಾರದೆಂದು ಒಪ್ಪಿಸಿದೆವು. ಎಲ್ಲರೂ ಒಕ್ಕೊರಲಿನಿಂದ ಒಪ್ಪಿದರು, ಎಲ್ಲರೂ ಟೀ ಕುಡಿದರು, ಮರುದಿನ ಎಲ್ಲರೂ ಮರಿಗಳನ್ನೇ ಹಿಡಿದು ತಂದರು. ನಮ್ಮ ಯಜಮಾನರನ್ನು ಕೇಳಿದರೆ, "ಪರದೆ ಮೇಲೆ ಕಾಣ್ತಿದೆಯಲ್ಲೇ, ಕಂಡೂ ಕಂಡೂ ಹೇಗೆ ಬಿಡ್ಲಿ? ನಾನು ಬಿಟ್ರೆ ಪಕ್ಕದ ದೋಣಿಯವನು ಬಿಡ್ತಾನಾ?" ಎಂದರು. ಪಕ್ಕದ ದೋಣಿಯವನೂ ತನ್ನ ಹೆಂಡತಿಗೆ ಅಕ್ಷರಶಃ ಅದನ್ನೇ ಹೇಳಿದನಂತೆ. ಇಷ್ಟು ಒಗ್ಗಟ್ಟನ್ನು ನಮ್ಮ ಬಂದರು ಹಿಂದೆಂದೂ ಕಂಡಿರಲಿಲ್ಲ.

ಇದಾದ ಕೆಲವೇ ದಿನಗಳಲ್ಲಿ ತಮಗೂ, ಬಂದರಿನಲ್ಲಿರುವ ತಮ್ಮ ಸಮಸ್ತ ಸಹೋದರರಿಗೂ ಒಟ್ಟಿಗೇ ಅನಾರೋಗ್ಯ ಉಂಟಾದದ್ದು ವಿಷಾದದ ಸಂಗತಿ. ದೋಣಿಗೆ ಊಟ ಕೊಡಲು ಹೋದ ಹೆಂಗಸರು ತಮ್ಮ ಬೆನ್ನ ಹಿಂದಿನ ತಂತಿಯ ಬಳಿ ಸುಳಿದಾಡಿದರೆಂಬ ಗುಸುಗುಸುವನ್ನು ತಾವು ಖಂಡಿತ ನಂಬಬಾರದು. ಊರಿಗಿರುವ ಒಬ್ಬನೇ ರಿಪೇರಿಯವ ನನ್ನ ಸೋದರಮಾವ ಆಗಿರುವುದು ಕೇವಲ ನಮ್ಮ ವಂಶದ ಭಾಗ್ಯ. ಅವನು ತಮ್ಮನ್ನು ಬಿಚ್ಚಿ, ಒಳಗೆ ಇಣುಕಿ, ಉದ್ದಕ್ಕೆ ನಿಟ್ಟುಸಿರು ಬಿಟ್ಟು, "ಪಾರ್ಟು ತರಿಸ್ಬೇಕು, ಟೈಮ್ ಹಿಡಿಯುತ್ತೆ" ಎಂದಾಗ ನಾನೇ ಕಣ್ಣೊರೆಸಿಕೊಂಡೆ. ದೋಣಿಗಳು ಈಗಲೂ ಹೋಗುತ್ತಿವೆ, ಅಂದಾಜಿನ ಮೇಲೆ ಬಲೆ ಬೀಸಿ ಕಡಿಮೆ ತರುತ್ತಿವೆ, ಮನೆಯಲ್ಲಿ ಕೈ ಬಿಗಿಯಾಗಿದೆ. ಮರಿಗಳು ಮಾತ್ರ ಅಲ್ಲೆಲ್ಲೋ ಯಾರ ಕಣ್ಣಿಗೂ ಬೀಳದೆ ದಪ್ಪಗಾಗುತ್ತಿರಬಹುದು.

ಗುಣಮುಖರಾಗಿ ಮರಳುವಾಗ ತಾವು ಕೆಲವು ಸಣ್ಣಪುಟ್ಟ ಸುಧಾರಣೆಗಳನ್ನು ಮಾಡಿಕೊಳ್ಳಬೇಕೆಂದು ಬೇಡಿಕೊಳ್ಳುತ್ತೇನೆ. ಮೀನು ಕಂಡೊಡನೆ ಕೂಗಿಕೊಳ್ಳದೆ, ಮೊದಲು ಅದರ ವಯಸ್ಸನ್ನೂ, ಮಕ್ಕಳೆಷ್ಟು ಎಂಬುದನ್ನೂ ಮರ್ಯಾದೆಯಿಂದ ವಿಚಾರಿಸಿಕೊಳ್ಳಿ. ಇನ್ನೂ ಬಾಣಂತನ ಕಾಣದವಳಾದರೆ ಮುಖ ಅತ್ತ ತಿರುಗಿಸಿ, ಹಳೆಯ ಟೈರು ಕಂಡಂತೆ ನಟಿಸಿ. ಅದೂ ಆಗದಿದ್ದರೆ ತಮಗೆ ದಯವಿಟ್ಟು ಕಣ್ಣುಪೊರೆ ಬರಲಿ. ಯಾರೂ ಆಪರೇಷನ್ ಮಾಡಿಸದಂತೆ ನೋಡಿಕೊಳ್ಳುವ ಜವಾಬ್ದಾರಿ ನನ್ನದು.

ತಮ್ಮ ದೀರ್ಘ, ಅತಿ ದೀರ್ಘ ವಿಶ್ರಾಂತಿಯನ್ನು ಹಾರೈಸುವ,
ತಮ್ಮ ವಿಶ್ವಾಸಿ,
ಯಜಮಾನರ ಎರಡನೆಯ ಪ್ರೀತಿಪಾತ್ರಳು

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಸೋದರಮಾವ ಬಂದು ಒಂದು ಸುದ್ದಿ ಹೇಳಿದ. ಪರೀಕ್ಷಿಸಲೆಂದು ತಮ್ಮನ್ನು ಹೊತ್ತಿಸಿ, ಆರಿಸಲು ಮರೆತು ಅವನು ಒಳಗೆ ಹೋಗಿದ್ದನಂತೆ. ಹೊರಗೆ ಬಂದು ನೋಡಿದರೆ ನಮ್ಮ ಯಜಮಾನರು ರಿಪೇರಿ ಅಂಗಡಿಯಲ್ಲಿ ನಿಂತಿದ್ದಾರೆ, ತಾವು ಅವರೆದುರು ಫಳಫಳ ಹೊಳೆಯುತ್ತಿದ್ದೀರಿ! ಮಾವನ ಜೀವ ಬಾಯಿಗೆ ಬಂತು. ಇವರು ತಮ್ಮನ್ನು ಸ್ವಲ್ಪ ಹೊತ್ತು ನೋಡಿ, ಯಾರೂ ಹೇಳದೆಯೇ ಕೈ ಚಾಚಿ ಸ್ವಿಚ್ಚು ಆರಿಸಿ, ಮೆಲ್ಲಗೆ ಕೇಳಿದರಂತೆ: "ಬೇರೆಯವರದ್ದೂ ಇನ್ನೂ ರೆಡಿ ಆಗಿಲ್ಲ ತಾನೇ? ಹಾಗಾದ್ರೆ ನಮ್ಮದೂ ನಿಧಾನಕ್ಕೆ ಮಾಡಿ ಮಾವ, ಅವಸರ ಏನಿಲ್ಲ." ಈ ವಾರ ಅಂಗಡಿಗೆ ಬಂದ ಯಜಮಾನರೆಲ್ಲರೂ ಕೇಳಿದ್ದು ಇದನ್ನೇ ಅಂತೆ.