ಪಕ್ಕದ ಮನೆಯ ಹಸಿರು ಮತ್ತು ನಮ್ಮ ಹಲಸಿನ ಕೊಂಬೆ

ಹೊಟ್ಟೆಕಿಚ್ಚು ಒಳ್ಳೆಯದಲ್ಲ ಅಂತ ನನಗೂ ಗೊತ್ತುಂಟು. ಆದರೆ ದೇರೆಬೈಲಿನ ನಮ್ಮ ಅಡುಗೆಮನೆಯ ಕಿಟಕಿ ತೆರೆದರೆ ಕಾಣುವುದೇ ಪಕ್ಕದ ಮನೆಯ ಅಂಗಳ. ನಾನೆಂತ ಮಾಡ್ಲಿ ಮಾರಾಯ್ರೆ? ಅಲ್ಲಿ ವರ್ಷವಿಡೀ ಬಾಡದ ಬಳ್ಳಿ, ಚಾಪೆ ಹಾಸಿದ ಹಾಗೆ ನೆಲ ತುಂಬ ಹಬ್ಬಿದೆ. ನಮ್ಮಲ್ಲಿ ಬರೀ ಕೆಂಪು ಮಣ್ಣು. ಶಕ್ತಿನಗರದ ನನ್ನ ನಾದಿನಿ ಬಂದಾಗಲೆಲ್ಲ ನಮ್ಮ ಗೇಟಿನಲ್ಲಿ ನಿಂತು ಆಚೆ ನೋಡಿ, "ಅಬ್ಬ, ಎಂತ ಚಂದ!" ಅನ್ನುತ್ತಾಳೆ. ಒಮ್ಮೆಯಾದರೂ ಅವಳು ಈಚೆ ನೋಡಿ ಹಾಗೆ ಹೇಳಬೇಕು. ನನ್ನ ಆಸೆ ಅಷ್ಟೇ.

ಬಿಸಿಲು

ಹುಲ್ಲು ತರಲು ಹೋದಾಗ ಗಿಡದ ನರ್ಸರಿಯವರು ಕೇಳಿದರು, "ಬಿಸಿಲು ಉಂಟಾ?"

"ಧಾರಾಳ ಉಂಟು" ಅಂದೆ.

ಹುಲ್ಲಿನ ಹಾಸು ತಂದು ಹಲಸಿನ ಮರದ ಬುಡದಲ್ಲಿ ಹಾಕಿಸಿದೆ. ಹಳದಿಯಾಗಿ ಸತ್ತೇ ಹೋಯಿತು. ನರ್ಸರಿಗೆ ಹೋಗಿ ಜಗಳ ಮಾಡಿದೆ. ಪಾಪ, ಅವರು ಮನೆಗೇ ಬಂದು ಮರದಡಿ ನಿಂತರು.

"ಬಿಸಿಲು ಎಲ್ಲುಂಟಮ್ಮ?"

ನಾನು ಟೆರೇಸು ತೋರಿಸಿದೆ. ಅಲ್ಲಿ ಹಪ್ಪಳ ಒಣಗುತ್ತಿತ್ತು.

"ಹಾಗಾದ್ರೆ ಹುಲ್ಲು ಮೇಲೆ ಹಾಕಿ, ಹಪ್ಪಳ ಕೆಳಗೆ ಹಾಕಿ" ಅಂದು ಹೊರಟೇಬಿಟ್ಟರು.

ಮಣ್ಣು

ಹಾಗಾದರೆ ಪಕ್ಕದವಳ ಗುಟ್ಟು ಮಣ್ಣಿನಲ್ಲೇ ಇರಬೇಕು. ಕಂಪೌಂಡಿನ ಮೇಲಿಂದ ಕೇಳಿದೆ. "ಎಂತ ಮಣ್ಣಕ್ಕ, ಇಲ್ಲಿಯದ್ದೇ" ಅಂದಳು. ನಾನು ನಂಬಲಿಲ್ಲ. ಅವಳ ಗಂಡ ಗಲ್ಫಿನಲ್ಲಿ.

"ಅಲ್ಲಿಂದಲೇ ಗೊಬ್ಬರ ಕಳಿಸ್ತಾರೆ, ನೋಡಿ ಬೇಕಾದ್ರೆ" ಅಂದೆ ನಮ್ಮವರ ಹತ್ತಿರ.

"ಅಲ್ಲಿ ಮರಳು ಬಿಟ್ಟು ಎಂತ ಉಂಟು ಮಾರಾಯ್ತಿ? ಗೊಬ್ಬರದ ಫ್ಯಾಕ್ಟರಿ ಇಲ್ಲೇ ನಮ್ಮ ಪಣಂಬೂರಲ್ಲೇ ಉಂಟು!"

ಕೊನೆಗೆ ಮತ್ತೆ ನರ್ಸರಿಗೇ ಹೋಗಿ ಅವರು ಹೇಳಿದ ಹಾಗೆ ಕೇಳಿದೆ. ಮಣ್ಣು ಸಡಿಲಿಸಿ, ಕೊಳೆತ ತರಗೆಲೆ ಬೆರೆಸಿ, ನೆರಳಿಗೆ ಆಗುವ ಜರಿಗಿಡ ನೆಟ್ಟೆ. ಮರದಡಿಯೆಲ್ಲ ಹಸಿರೋ ಹಸಿರು! ನಾದಿನಿಯನ್ನು ಫೋನ್ ಮಾಡಿ ಕರೆಸಿದೆ. ಅವಳು ಬಗ್ಗಿ ನೋಡಿದಳು.

"ಇದು ನಮ್ಮ ಬಾವಿಯ ಗೋಡೆಯಲ್ಲಿ ತಾನಾಗಿ ಹುಟ್ತದಲ್ವಾ ಅತ್ತಿಗೆ? ನೀವು ಅಂಗಡಿಯಿಂದ ತಂದದ್ದಾ?"

ಕೊಂಬೆ

ಆ ದಿನ ಸಿಟ್ಟಿನಲ್ಲಿ ತಲೆಯೆತ್ತಿ ನೋಡಿದೆ. ನಮ್ಮ ಹಲಸಿನ ದೊಡ್ಡ ಕೊಂಬೆ ಪಕ್ಕದವಳ ಅಂಗಳದ ಮೇಲೆ ಚಾಚಿದೆ. ಓಹೋ! ನಮ್ಮ ಮರದ ನೆರಳಲ್ಲಿ ಅವಳ ಬಳ್ಳಿಯ ಸುಖಸಂಸಾರ! ಒಣಗಲಿ ಒಮ್ಮೆ. "ಕೊಂಬೆ ಕರೆಂಟಿನ ತಂತಿಗೆ ತಾಗ್ತದೆ" ಅಂತ ಮನೆಯವರಿಗೆ ಸುಳ್ಳು ಹೇಳಿ, ಬುಡದಿಂದಲೇ ಕಡಿಸಿದೆ. ಅವಳ ಅಂಗಳಕ್ಕೆ ಬಿಸಿಲು ರಪ್ಪನೆ ಬಿತ್ತು. ಆಹಾ, ಎಷ್ಟು ನೆಮ್ಮದಿ!

ಕೆಲವು ವಾರ ಕಳೆದು ಕಿಟಕಿ ತೆರೆದರೆ ಅವಳ ಬಳ್ಳಿಯ ತುಂಬ ಹಳದಿ ಹೂ. ಅದು ಹೂ ಬಿಡುವ ಬಳ್ಳಿ ಅಂತ ಯಾರಿಗೆ ಗೊತ್ತಿತ್ತು? ಈಚೆ, ಅದೇ ಕೊಂಬೆಯ ನೆರಳು ಹೋಗಿ ನನ್ನ ಜರಿಗಿಡ ಸುಟ್ಟು ಹಪ್ಪಳ.

ಆ ಭಾನುವಾರ ನಾದಿನಿ ಬಂದಳು. ಗೇಟಿನಲ್ಲೇ ನಿಂತು, "ಅಬ್ಬ, ಈಗ ಹೂ ಬೇರೆ!" ಅಂದಳು. ಅಷ್ಟರಲ್ಲಿ ಪಕ್ಕದವಳು ಒಂದು ಡಬ್ಬಿ ಖರ್ಜೂರ ಹಿಡಿದು ಬಂದು ನನ್ನ ಕೈ ಹಿಡಿದುಕೊಂಡಳು.

"ಬಿಸಿಲಿಲ್ಲದೆ ಇದು ಹೂವೇ ಬಿಡ್ತಿರಲಿಲ್ಲ ಅಕ್ಕ. ಕೊಂಬೆ ಕಡಿಸಿ ಅಂತ ಹೇಳುವುದು ಹೇಗೆ ಅಂತ ಸಂಕೋಚ. ಕೇಳದೆಯೇ ನೀವು ಅರ್ಥ ಮಾಡಿಕೊಂಡ್ರಿ!"

ನಾದಿನಿ ಮೊದಲ ಬಾರಿಗೆ ನನ್ನ ಕಡೆ ಮೆಚ್ಚಿ ನೋಡಿದಳು. "ಅಬ್ಬ, ನಮ್ಮ ಅತ್ತಿಗೆಯದ್ದು ಎಂತ ದೊಡ್ಡ ಮನಸ್ಸು!"

ನಾನು ಡಬ್ಬಿ ತೆರೆದು ಒಂದು ಖರ್ಜೂರ ಬಾಯಿಗೆ ಹಾಕಿಕೊಂಡೆ. ಪಕ್ಕದವಳು ಮರವನ್ನೊಮ್ಮೆ ನೋಡಿ ಮೆಲ್ಲಗೆ ಕೇಳಿದಳು:

"ಇನ್ನೊಂದು ಕೊಂಬೆ ಉಂಟಲ್ಲ ಅಕ್ಕ, ಅದನ್ನು ಯಾವಾಗ ಕಡಿಸ್ತೀರಿ?"