ತಿಕೋಟಾದವರಿಗೆ ಹಾಕಿ ಕಲಿಸಿದ್ದು

ಗೋಲು

ತಿಕೋಟಾದ ತಂಡಕ್ಕೆ ಸೇರಿದ್ದ ಬಿಜ್ಜರಗಿಯ ಕುರಿಗಾರನನ್ನು ಎರಡು ಗೂಟಗಳ ನಡುವೆ ನಿಲ್ಲಿಸಿ, "ಇದು ಗೋಲು. ನೀನು ಗೋಲ್‌ಕೀಪರ್" ಎಂದೆ. ಚೆಂಡು ಬಂತು. ಆತ ಪಕ್ಕಕ್ಕೆ ಸರಿದು, ಬಡಿಗೆಯಿಂದ ಅದನ್ನು ಒಳಗೆ ಹೊಡೆದ.

"ಯಾಕಲೇ?"

"ಒಳಗ ಹೋಗಾಕ ಬಂದಿತ್ತಲ್ರಿ ಮಾಸ್ತರ."

"ಒಳಗ ಬಿಡಬಾರದು. ಹೊರಗ ಹೊಡೀಬೇಕು."

"ಸಂಜಿ ಮುಂದ ಯಾರರ ಹೊರಗ ಹೊಡೀತಾರೇನ್ರಿ? ಒಂದ ಮರಿ ಹೊರಗ ಉಳದ್ರ ನಮ್ಮಪ್ಪ ನನಗ ರೊಟ್ಟಿ ಹಾಕತಿದ್ದಿಲ್ಲ."

ಮರುದಿನದಿಂದ ಅಭ್ಯಾಸವನ್ನು ಬೆಳಿಗ್ಗೆ ಇಟ್ಟೆ. ಬೆಳಿಗ್ಗೆ ಕುರಿಗಳನ್ನು ದೊಡ್ಡಿಯಿಂದ ಹೊರಗೆ ಹೊಡೆಯುವುದು ಆತನ ರೂಢಿ. ಒಂದು ಚೆಂಡೂ ಒಳಗೆ ಹೋಗಲಿಲ್ಲ.

ಆಫ್‌ಸೈಡ್

ಯುದ್ಧದ ಕಾಲ. ಅಂಗಡಿಯಲ್ಲಿ ಹಾಕಿ ಬಡಿಗೆ ಸಿಗುತ್ತಿರಲಿಲ್ಲ. ವಿಜಾಪುರದ ಒಂದು ಕ್ಲಬ್ಬಿನವರು ತಮ್ಮ ಹಳೆಯ ಇಪ್ಪತ್ತೆರಡು ಬಡಿಗೆಗಳನ್ನು ತಿಕೋಟಾಕ್ಕೆ ಅರ್ಧ, ಬಬಲೇಶ್ವರಕ್ಕೆ ಅರ್ಧ ಕೊಟ್ಟರು. ತಿಂಗಳ ನಂತರ ಪಂದ್ಯ. ಗೆದ್ದ ಊರಿಗೆ ಎಲ್ಲ ಬಡಿಗೆ. ಸೋತ ಊರಿನಲ್ಲಿ ಹಾಕಿ ಅಲ್ಲಿಗೇ ಮುಗಿದಂತೆ. ತಿಕೋಟಾಕ್ಕೆ ಕಲಿಸಲು ಡ್ರಿಲ್ ಮಾಸ್ತರನಾದ ನನ್ನನ್ನು ಕಳಿಸಿದರು.

ನಮ್ಮಲ್ಲಿ ಒಬ್ಬ ಟಾಂಗಾದವನಿದ್ದ. ಜೋರು ಓಟ. ಆದರೆ ಚೆಂಡಿಗಿಂತ ಮೊದಲೇ ಎದುರಾಳಿಯ ಗೋಲಿನ ಬಳಿ ಹೋಗಿ ನಿಲ್ಲುವನು. ಹಾಗೆ ನಿಂತರೆ ಆಫ್‌ಸೈಡ್, ತಪ್ಪು ಎಂದೆ.

"ಮೊದಲ ಬಂದಾಂವಂದ ತಪ್ಪೇನ್ರಿ?"

"ಹೌದು."

"ನಮ್ಮ ಅಡ್ಡಾದಾಗ ಮೊದಲ ಬಂದ ಗಾಡಿಗೆ ಮೊದಲ ಸವಾರಿ. ಈ ಕಾಯ್ದೆ ಮಾಡಿದಾಂವ ಯಾವತ್ತೂ ತಡಾ ಮಾಡಿ ಬರಾಂವ ಇರಬೇಕ್ರಿ."

ಬುಲ್ಲಿ

ಆಟ ಶುರುವಾಗುವುದು ಬುಲ್ಲಿಯಿಂದ. ಚೆಂಡು ನಡುವೆ ಇಟ್ಟು ಇಬ್ಬರು ಎದುರುಬದುರು ನಿಲ್ಲಬೇಕು. ಬಡಿಗೆಯನ್ನು ಒಮ್ಮೆ ನೆಲಕ್ಕೆ, ಒಮ್ಮೆ ಎದುರಿನವನ ಬಡಿಗೆಗೆ, ಹೀಗೆ ಮೂರು ಸಲ ತಾಗಿಸಬೇಕು. ಆಮೇಲೆ ಯಾರು ಮೊದಲು ಹೊಡೆದರೆ ಚೆಂಡು ಅವರದು.

ನಮ್ಮ ಸೆಂಟರ್ ಫಾರ್ವರ್ಡ್ ಆಗಷ್ಟೇ ಮದುವೆಯಾದ ಹುಡುಗ. ಅವನೆದುರು ನಾನೇ ನಿಂತೆ. ಮೂರು ಸಲ ತಾಗಿಸಿದ. ಹೊಡೆಯಲಿಲ್ಲ.

"ನೀವು ಗುರುಗಳು. ಮೊದಲ ನೀವು ಹೊಡೀರಿ."

"ಮೈದಾನದಾಗ ಗುರು ಇಲ್ಲ, ಹಿರೇರಿಲ್ಲ. ಹೊಡಿ!"

ಹೊಡೆದ. ನನ್ನ ಕಾಲಿಗೆ ಬಿತ್ತು. ಬಡಿಗೆ ಒಗೆದು ನನ್ನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಅತ್ತ ಮೇಯುತ್ತಿದ್ದ ಒಂದು ಆಡು ಬಂದು ಚೆಂಡನ್ನು ಮೂಸುತ್ತಿತ್ತು.

ಪಂದ್ಯ

ಬಬಲೇಶ್ವರದಲ್ಲಿ, ಸಂಜೆ. ಬೆಳಿಗ್ಗೆ ಇಡಿರಿ ಎಂದು ಬೇಡಿಕೊಂಡೆ. ಕ್ಲಬ್ಬಿನವರು ಕೇಳಲಿಲ್ಲ.

ಬುಲ್ಲಿಗೆ ಆ ಕಡೆಯಿಂದ ಅವರ ಕ್ಯಾಪ್ಟನ್ ಬಂದ. ನಮ್ಮ ಹುಡುಗನಿಗೆ ಹೆಣ್ಣು ಕೊಟ್ಟ ಮಾವ. ಹುಡುಗ ಬಡಿಗೆ ಕೆಳಗಿಟ್ಟು ನಮಸ್ಕಾರ ಮಾಡಿದ. ಅಂಪೈರ್ ಸೀಟಿ ಊದಿದ. ನೆಲ, ಬಡಿಗೆ, ಮೂರು ಸಲ ಆಯಿತು.

"ನೀವು ಹೊಡೀರಿ ಮಾಮಾರ."

"ಛೇ, ಅಳಿಯಾರ ಬಂದೀರಿ. ಮೊದಲ ನೀವು."

"ಹಿರೇರು ನೀವು."

"ನಮ್ಮೂರಿಗೆ ಬಂದ ಪಾವಣ್ಯಾರು ನೀವು."

ಏಳು ಸಲ ಬುಲ್ಲಿ ಆಯಿತು. ಚೆಂಡು ಇಟ್ಟಲ್ಲೇ ಇತ್ತು. ಹೊತ್ತು ಇಳಿಯಿತು. ಕೊನೆಗೆ ಅಂಪೈರ್ ಬೈದಮೇಲೆ ಮಾವನೇ ಚೆಂಡು ತಳ್ಳಿಕೊಂಡು ಹೊರಟ. ನಮ್ಮವರು ಅಡ್ಡ ಹೋಗಲಿಲ್ಲ. ಬೀಗರೆಂದು ಎರಡೂ ಕಡೆ ಸರಿದು ದಾರಿ ಬಿಟ್ಟರು. ಗೋಲಿನ ಹತ್ತಿರ ಬಂದು ಆತ ಹೊಡೆದ. ಕುರಿಗಾರ ಒಮ್ಮೆ ಸೂರ್ಯನನ್ನು ನೋಡಿದ. ಪಕ್ಕಕ್ಕೆ ಸರಿದ.

ಒಂದೇ ಗೋಲು. ಸೋತೆವು.

ಬಬಲೇಶ್ವರದವರು ಬಡಿಗೆಗಳನ್ನು ಒಟ್ಟು ಮಾಡಿ ಹಗ್ಗ ಬಿಗಿದರು. ನಮ್ಮ ಹುಡುಗ ಟಾಂಗಾ ಹತ್ತಲು ಹೋದ. ಮಾವ ಓಡಿಬಂದ.

"ಮದುವಿ ಆದಮ್ಯಾಲೆ ಮೊದಲನೇ ಸಲ ನಮ್ಮೂರಿಗೆ ಬಂದೀರಿ. ಬರಿಗೈಲೆ ಕಳಸಿದ್ರ ನಿಮ್ಮ ಅತ್ತಿ ನನ್ನ ಮನಿಯಾಗ ಇಟಗೋತಾಳೇನು?"

ಇಪ್ಪತ್ತೆರಡು ಬಡಿಗೆ, ಒಂದು ತೆಂಗಿನಕಾಯಿ ತಿಕೋಟಾಕ್ಕೆ ಬಂದವು.