ಹೆಗಲಿಗೆ ಬೆಳಕು, ಕಣ್ಣಿಗೆ ಕತ್ತಲೆ

ಈ ಭೂಮಿಯ ಮೇಲೆ ಗುಟ್ಟು ಕಾಪಾಡುವ ಗಂಡಸು ಒಬ್ಬನಿದ್ದರೆ ಅದು ತಾನೇ ಎಂದು ಸುರಪುರದ ಬಸ್ ಡ್ರೈವರ್ ಬಸವಲಿಂಗ ಆ ಬೆಳಿಗ್ಗೆ ಹೆಂಡತಿ ಕಸ್ತೂರಿಗೆ ಸಾರಿಬಿಟ್ಟ. ಸ್ಟೇರಿಂಗ್ ತಿರುಗಿಸಿ ತಿರುಗಿಸಿ ಅವನ ಬಲಹೆಗಲು ಹಿಡಿದುಕೊಂಡಿತ್ತು. ಕೈ ಎದೆಯ ಮಟ್ಟಕ್ಕೂ ಏಳುತ್ತಿರಲಿಲ್ಲ. ಮಾಲೀಕರಾದ ಮನ್ಸೂರಅಲಿ ಸಾಹೇಬರು ಆ ವಾರವೇ ಹೊಸ ಬಸ್ಸು ತರಿಸಿದ್ದರು. ಅದನ್ನು ಓಡಿಸುವ ಆಸೆಯಿಂದಲೇ ಬಸವಲಿಂಗ ವರ್ಷಗಟ್ಟಲೆ ಅವರ ಡಕೋಟಾ ಬಸ್ಸಿನಲ್ಲಿ ಮೈಮೂಳೆ ಮುರಿದುಕೊಂಡಿದ್ದ. ಹೆಗಲಿನ ಸುದ್ದಿ ಸಾಹೇಬರ ಕಿವಿಗೆ ಬಿದ್ದರೆ ಹೊಸ ಬಸ್ಸು ಇನ್ನೊಬ್ಬ ಡ್ರೈವರ್ ಅಬ್ದುಲ್ ಕರೀಮನ ಪಾಲು.

"ಶಹಾಪುರದಾಗ ಲೇಸರ್ ಬೆಳಕು ಹಿಡ್ದು ನೋವು ತಗೀತಾರಂತ. ಕೊಯ್ಯಂಗಿಲ್ಲ, ಸುಡಂಗಿಲ್ಲ. ಹೋಗಿ ಬರ್ತೀನಿ. ಯಾರಿಗೂ ಗೊತ್ತಾಗಬಾರ್ದು ನೋಡು."

"ನಿಮ್ಮ ಗುಟ್ಟು ನನಗ ಗೊತ್ತದ್ರಿ. ಹೋದ ಸಲ ಗುಟ್ಟಾಗಿ ಹಲ್ಲು ಕೀಳಿಸ್ಕೊಂಡು ಬಂದು, ಓಣಿ ಮಂದಿಗೆಲ್ಲ ಬಾಯಿ ತಗದು ತೋರ್ಸಿದ್ರಿ" ಎಂದಳು ಕಸ್ತೂರಿ.

ಶಹಾಪುರದ ದವಾಖಾನೆಯಲ್ಲಿ ಅಂಗಿ ಬಿಚ್ಚಿಸಿ ಸ್ಟೂಲಿನ ಮೇಲೆ ಕೂರಿಸಿದರು. ಬೆಳಕು ಕಣ್ಣಿಗೆ ಬೀಳಬಾರದೆಂದು ದೊಡ್ಡ ಕಪ್ಪು ಕನ್ನಡಕ ಹಾಕಿದರು. ಚಿಕಿತ್ಸೆಯ ಹುಡುಗಿ ಟಾರ್ಚಿನಂಥದ್ದೊಂದನ್ನು ಹೆಗಲಿಗೆ ಹಿಡಿದಳು. ಬಸವಲಿಂಗ ಮನೆದೇವರನ್ನು ನೆನೆದು, ಹಲ್ಲು ಕಚ್ಚಿ, ವೀರಮರಣಕ್ಕೆ ಸಿದ್ಧನಾದ. ಬಿಸಿಯಿಲ್ಲ, ಚುಚ್ಚಿದ್ದಿಲ್ಲ, ಇರುವೆ ಹರಿದಷ್ಟೂ ಇಲ್ಲ.

"ಶುರು ಮಾಡ್ರಿ ತಂಗಿ, ತಡಕೋತೀನಿ."

"ಮುಗೀತ್ರಿ ಅಣ್ಣಾರ. ಇನ್ನೂ ನಾಕೈದು ಸಲ ಬರಬೇಕಾಗ್ತದ."

ಇಷ್ಟಕ್ಕೆ ಒಂದು ದಿನದ ರಜೆ ಹಾಕಿದೆನಲ್ಲ ಎಂದು ಅವನ ಜೀವ ಕುಸಿಯಿತು. ಅಸಲಿ ಆಪತ್ತು ಇನ್ನೂ ಪರದೆಯ ಆಚೆಗಿತ್ತು.

ಅಲ್ಲಿ ದೋರನಹಳ್ಳಿಯಿಂದ ಮೊಣಕಾಲು ತೋರಿಸಲು ಬಂದಿದ್ದ ಕಸ್ತೂರಿಯ ತಾಯಿ ಪಾರ್ವತಿಬಾಯಿ ಪಾಳಿಯಲ್ಲಿ ಕೂತಿದ್ದರು. ಪರದೆ ಸರಿದಾಗ ಕಪ್ಪು ಕನ್ನಡಕದ ಅಳಿಯ ಕಂಡ. ಬೇರೆ ಯಾರಾದರೂ ಆಗಿದ್ದರೆ ಒಳಗೆ ಹೋಗಿ ಏನಾಯಿತೆಂದು ಕೇಳುತ್ತಿದ್ದರು. ಅತ್ತೆಯಾದವರು ಕೇಳುವುದುಂಟೆ? ಮದುವೆಯಾದಾಗಿನಿಂದ ಅಳಿಯನೆದುರು ನಿಂತು ಒಂದು ಮಾತಾಡಿದವರಲ್ಲ. ಇವನೋ ಅಂಗಿಯನ್ನೂ ಹಾಕಿಲ್ಲ. ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ಮೊಣಕಾಲನ್ನೇ ಮರೆತು, ಸೀದಾ ಸುರಪುರದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅತ್ತರು. ಕೇಳಿದವರಿಗೆಲ್ಲ "ಕಪ್ಪು ಕನ್ನಡಕ ಹಾಕ್ಕೊಂಡು ದವಾಖಾನ್ಯಾಗ ಕುಂತಾರ್ರಿ, ನಮ್ಮ ಅಳಿಯನ ಕಣ್ಣು ಹೋಗ್ಯಾವ್ರಿ" ಎಂದರು. ಆ ಬಸ್ಸು ಮನ್ಸೂರಅಲಿ ಸಾಹೇಬರದೇ.

ಮಿರ್ಚಿ ಭಜಿ ತಿಂದು ನಿಧಾನಕ್ಕೆ ಬಂದ ಬಸವಲಿಂಗ ಮನೆ ಮುಟ್ಟಿದಾಗ ಓಣಿಯೆಲ್ಲ ಅವನ ಪಡಸಾಲೆಯಲ್ಲಿತ್ತು. ಮೂಲೆಯಲ್ಲಿ ಬಾಳೆಹಣ್ಣಿನ ರಾಶಿ ಬಿದ್ದಿತ್ತು. ಪಕ್ಕದ ಮನೆಯ ಕರೆಮ್ಮಜ್ಜಿ ಓಡಿಬಂದು ಅವನ ಕೈ ಜಗ್ಗಿ ಹೊಸ್ತಿಲು ದಾಟಿಸಿದಳು. ಜಗ್ಗಿದ್ದು ಬಲಗೈ. ಅವನ ಕಣ್ಣಲ್ಲಿ ನೀರು ಬಂತು.

"ನೋಡ್ರವ್ವ, ಹ್ಯಾಂಗ ಸೋರಾಕತ್ಯಾವ ಪಾಪ, ಕಣ್ಣು" ಎಂದಳು ಕರೆಮ್ಮಜ್ಜಿ. ಹೆಗಲಿನ ಗುಟ್ಟು ರಟ್ಟಾಗಬಾರದೆಂದು ಬಸವಲಿಂಗ ಕಣ್ಣು ಹೋದವನಾಗಿಯೇ ಉಳಿದ.

ಅಳಿಯನ ಕಣ್ಣು ಉಳಿಸಲು ಪಾರ್ವತಿಬಾಯಿ ಅಡುಗೆಮನೆ ಹಿಡಿದರು. ಕಣ್ಣಿನವರಿಗೆ ಖಾರ ಕೂಡದು. ರೊಟ್ಟಿಯ ಪಕ್ಕ ಹಸಿಮೆಣಸಿನಕಾಯಿ ಚಟ್ನಿ ಮಾಯವಾಯಿತು, ಪುಂಡಿಪಲ್ಯ ಮಾಯವಾಯಿತು, ಕೊನೆಗೆ ರೊಟ್ಟಿಯೇ ಮಾಯವಾಗಿ ಹಾಲು ಅನ್ನ ಬಂತು. ಎರಡು ಹೊತ್ತು ಹಾಲು ಅನ್ನ ನುಂಗಿದ ಬಸವಲಿಂಗನಿಗೆ ಬದುಕೇ ಬೇಡವಾಯಿತು.

"ನಿಮ್ಮವ್ವಗ ಖರೇ ಹೇಳಿಬಿಡು ಮಾರಾಯ್ತಿ."

"ಮತ್ತ ಗುಟ್ಟು?"

"ಗುಟ್ಟು ಹಾಳಾಗ್ಲಿ. ಮೊದಲು ಚಟ್ನಿ ಬರ್ಲಿ."

ಕಸ್ತೂರಿ ಹೇಳಿದಳು. ಪಾರ್ವತಿಬಾಯಿ ಹಣೆ ಹಣೆ ಬಡಿದುಕೊಂಡು, ಹೆಗಲಿನ ಮಾತು ಯಾರ ಮುಂದೂ ಆಡುವುದಿಲ್ಲವೆಂದು ಆಣೆ ಮಾಡಿ, ಚಟ್ನಿ ಕುಟ್ಟಿದರು. ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಸಾಹೇಬರೇ ಸೇಬುಹಣ್ಣು ಹಿಡಿದು ಅಂಗಳದಲ್ಲಿ ನಿಂತಿದ್ದರು.

"ಚಿಂತಿ ಮಾಡಬ್ಯಾಡ ಬಸಣ್ಣ. ಹೊಸಾ ಗಾಡಿ ಕರೀಮ ಹೊಡೀತಾನ. ನೀ ಆರಾಮ ತಗೋ."

"ಸಾಹೇಬ್ರ, ನನ್ನ ಕಣ್ಣು ಬರೋಬ್ಬರಿ ಅದಾವ್ರಿ. ಬರ್ರಿ, ತೋರಸ್ತೀನಿ."

ಮನೆಯ ಮುಂದಿನ ಹಾದಿಗೆ ಕರೆದೊಯ್ದು, ದೂರದಲ್ಲಿ ಬರುತ್ತಿದ್ದ ಲಾರಿಯ ನಂಬರು ಓದಿದ. ಅದರ ಹಿಂದಿನ ಟ್ರ್ಯಾಕ್ಟರಿನಲ್ಲಿ ಕೂತವನ ರುಮಾಲಿನ ಬಣ್ಣ ಹೇಳಿದ. ಅವನು ಎಲೆ ಅಡಿಕೆ ಜಗಿಯುತ್ತಿದ್ದಾನೆ ಎಂಬುದನ್ನೂ ಸೇರಿಸಿದ. ಟ್ರ್ಯಾಕ್ಟರ್ ಹತ್ತಿರ ಬಂದಾಗ ಎಲ್ಲವೂ ನಿಜವಾಗಿತ್ತು. ಸಾಹೇಬರ ಮುಖ ಅರಳಿತು. ಜೇಬಿನಿಂದ ಹೊಸ ಬಸ್ಸಿನ ಕೀಲಿ ಹೊರಗೆ ಬಂತು.

"ಶಾಬಾಸ್. ಮತ್ತ ಕಪ್ಪು ಕನ್ನಡಕ ಹಾಕ್ಕೊಂಡು ದವಾಖಾನ್ಯಾಗ ಯಾಕ ಕುಂತಿದ್ದಿ?"

ಬಸವಲಿಂಗ ಸುಳ್ಳು ಹುಡುಕುತ್ತ ಎಡಗೈಯಿಂದ ತಲೆ ಕೆರೆದುಕೊಂಡ. ಕೀಲಿ ಸಾಹೇಬರ ಬೆರಳಲ್ಲಿ ತೂಗಾಡುತ್ತಿತ್ತು.

ಆಗ ಬಾಗಿಲ ಹಿಂದಿನಿಂದ ಪಾರ್ವತಿಬಾಯಿ ಹೊರಬಂದರು. ಅಳಿಯನಿಗೆ ಕೇಡು ತಂದದ್ದು ತಾನು, ಉಳಿಸಬೇಕಾದದ್ದೂ ತಾನೇ ಎಂಬ ಸಂಕಟದಲ್ಲಿ ಅವರಿಗೆ ಆಣೆಯೂ ನೆನಪಾಗಲಿಲ್ಲ, ಅಳಿಯ ಎದುರಿಗಿದ್ದಾನೆಂಬುದೂ ನೆನಪಾಗಲಿಲ್ಲ.

"ಕಣ್ಣಿಗಿ ಏನೂ ಆಗಿಲ್ರಿ ಸಾಹೇಬ್ರ. ಹುಚ್ಚಿ ನಾ, ತಪ್ಪು ತಿಳ್ಕೊಂಡೆ. ಶಿವನಾಣಿ, ಅವ್ರ ಬಲಗೈ ಅಷ್ಟ ಮ್ಯಾಲ ಏಳಂಗಿಲ್ಲ. ಅದಕ್ಕ ಬೆಳಕು ಹಿಡಿಸ್ಕೊಳಾಕತ್ತಾರ."

ಕಸ್ತೂರಿ ಕಣ್ಣು ಮುಚ್ಚಿಕೊಂಡಳು.

"ಕೈ ಎತ್ತು ನೋಡೋಣ, ಬಸಣ್ಣ" ಎಂದರು ಸಾಹೇಬರು.

ಬಸವಲಿಂಗ ಇದ್ದ ಶಕ್ತಿಯನ್ನೆಲ್ಲ ಹಾಕಿ ಎತ್ತಿದ. ಕೈ ಹೊಟ್ಟೆಯ ಹತ್ತಿರ ಬಂದು ನಿಂತುಬಿಟ್ಟಿತು. ಕೀಲಿ ಮರಳಿ ಜೇಬಿಗೆ ಹೋಯಿತು.

"ಇರ್ಲಿ ಬಿಡು. ಹೆಗಲು ಆರಾಮಾಗೋತನಕ ನೀನೂ ಹೊಸಾ ಬಸ್ಸಿಗೇ ಬಾ. ಕರೀಮಗ ಕಂಡಕ್ಟರ್ ಬೇಕಾಗ್ಯಾನ."

ಬಸವಲಿಂಗನಿಗೆ ನೆಲ ಬಾಯ್ಬಿಟ್ಟರೆ ಇಳಿದುಬಿಡೋಣ ಎನ್ನಿಸಿತು. ಪಾರ್ವತಿಬಾಯಿ ಮಾತ್ರ ಸೆರಗಿನೊಳಗಿಂದಲೇ ಮಗಳ ಪಕ್ಕೆಗೆ ತಿವಿದು ಪಿಸುಗುಟ್ಟಿದರು:

"ಕೇಳ್ದೇನ? ನಾ ಬಾಯಿ ಬಿಟ್ಟಿದ್ದಕ್ಕ ನಿನ್ನ ಗಂಡಗ ಹೊಸಾ ಬಸ್ ಸಿಕ್ತು ನೋಡು."